ಬಾತ್‌ನ ಬನ್ನು, ಬಾದಾಮಿಯ ರೊಟ್ಟಿ

1987ರಲ್ಲಿ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಜಾಗಗಳಲ್ಲಿ ಎರಡು ಹೆಸರು ನನಗೆ ಯಾವಾಗಲೂ ಒಟ್ಟಿಗೇ ನೆನಪಾಗುತ್ತವೆ. ಒಂದು ನಮ್ಮ ಪಟ್ಟದಕಲ್ಲು. ಇನ್ನೊಂದು ಇಂಗ್ಲೆಂಡಿನ ಬಾತ್. (ಬಾತ್ ಅಂದಕೂಡಲೇ ಬಿಸಿಬೇಳೆ ನೆನಪಾದವರು ಸ್ವಲ್ಪ ತಡೆಯಿರಿ, ಊಟದ ವಿಷಯಕ್ಕೂ ಬರ್ತೀನಿ :-) ) ಒಂದೇ ವರ್ಷ, ಒಂದೇ ಪಟ್ಟಿ. ಆದರೆ ಸೇರಿಸಿದ ರೀತಿಯಲ್ಲೇ ಒಂದು ವ್ಯತ್ಯಾಸ ಇದೆ. ಬಾತ್‌ನಲ್ಲಿ ಪಟ್ಟಿಗೆ ಸೇರಿದ್ದು ಇಡೀ ಊರು. ಮನೆ, ಬೀದಿ, ಸೇತುವೆ, ಅಂಗಡಿ ಎಲ್ಲ ಸೇರಿ. ಪಟ್ಟದಕಲ್ಲಿನಲ್ಲಿ ಸೇರಿದ್ದು ಗುಡಿಗಳ ಗುಂಪು ಮಾತ್ರ. ಊರು ಬೇಲಿಯ ಆಚೆಗೇ ಉಳಿಯಿತು.

ಇದನ್ನು ಈಗ ಯಾಕೆ ಎತ್ತಿದೆ ಅಂದರೆ, ನಮ್ಮೂರು ಕೊಣ್ಣೂರು. ಗದಗ ಜಿಲ್ಲೆ, ನರಗುಂದ ತಾಲ್ಲೂಕು. (ಗೋಕಾಕದ ಹತ್ತಿರ ಇನ್ನೊಂದು ಕೊಣ್ಣೂರಿದೆ, ಅದಲ್ಲ.) ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೋಗುವ ಹೆದ್ದಾರಿಯಲ್ಲಿ ನವಲಗುಂದ, ನರಗುಂದ ದಾಟಿದ ಮೇಲೆ ಮಲಪ್ರಭೆಯ ದಂಡೆಗೆ ಸಿಗುವ ಊರು. ಸೇತುವೆ ದಾಟಿ ಮುಂದೆ ಹೋದರೆ ಕುಳಗೇರಿ ಕ್ರಾಸು, ಅಲ್ಲಿ ಬಲಕ್ಕೆ ತಿರುಗಿದರೆ ಬಾದಾಮಿ. ಹೀಗಾಗಿ ಬೆಂಗಳೂರಿನ ಗೆಳೆಯರಿಗೆಲ್ಲ ನಾನೊಬ್ಬ ಪುಕ್ಕಟೆ ಗೈಡು. ಮಳೆಗಾಲ ಮುಗಿದು ದಸರೆ ಬಂತೆಂದರೆ ಫೋನುಗಳು ಶುರುವಾಗುತ್ತವೆ. ಎಲ್ಲರ ಪ್ರಶ್ನೆಗಳೂ ಅವೇ ಎರಡು. "ಬಾದಾಮಿ, ಐಹೊಳೆ, ಪಟ್ಟದಕಲ್ಲು ಒಂದು ದಿನದಲ್ಲಿ ಆಗುತ್ತಲ್ವಾ?" ಮತ್ತು "ಅಲ್ಲಿ ಊಟಕ್ಕೆ ಒಳ್ಳೇ ಹೋಟ್ಲು ಇದೆಯಾ?"

ಅವರ ಕಾರ್ಯಕ್ರಮ ನನಗೆ ಬಾಯಿಪಾಠ ಆಗಿಬಿಟ್ಟಿದೆ. ಶುಕ್ರವಾರ ರಾತ್ರಿ ಹೊರಡೋದು. ಶನಿವಾರ ಬೆಳಿಗ್ಗೆ ಬಾದಾಮಿಯ ನಾಲ್ಕು ಗುಹೆ, ಬನಶಂಕರಿಗೆ ಕಾರಿನಿಂದಲೇ ಒಂದು ಕೈಮುಗಿತ, ಪಟ್ಟದಕಲ್ಲಿನಲ್ಲಿ ಒಂದು ತಾಸು, ಐಹೊಳೆಯಲ್ಲಿ ದುರ್ಗ ಗುಡಿಯ ಮುಂದೆ ಫೋಟೋ. ಸಂಜೆಗೆ ಹೊಸಪೇಟೆ. ಭಾನುವಾರ ಹಂಪಿ. ಸೋಮವಾರ ಬೆಳಿಗ್ಗೆ ಆಫೀಸು. ಮಧ್ಯಾಹ್ನ ಎಲ್ಲಿ ಉಂಡ್ರಿ ಅಂತ ಕೇಳಿದರೆ ಹೆಚ್ಚಿನವರ ಉತ್ತರ: ರೋಡ್ ಸೈಡಿನಲ್ಲಿ ಒಂದು ಕಡೆ, ಪನ್ನೀರು, ತಂದೂರಿ ರೋಟಿ, ಜೊತೆಗೆ ಗೋಬಿ ಮಂಚೂರಿ. ಜೋಳ ಬೆಳೆಯುವ ನೆಲಕ್ಕೆ ಹೋಗಿ ಮೈದಾ ತಿಂದು ಬರ್ತಾರೆ ಮಹರಾಯ್ರು!

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಎರಡು ರಾತ್ರಿ ಉಳಿಯದ, ಅಲ್ಲಿನ ಊಟ ಉಣ್ಣದ ಬಾದಾಮಿ ಪ್ರವಾಸದಿಂದ ಊರಿಗೂ ಏನೂ ಸಿಗುವುದಿಲ್ಲ, ಹೋದವರಿಗೂ ಫೋಟೋ ಬಿಟ್ಟರೆ ಏನೂ ಸಿಗುವುದಿಲ್ಲ. ಇದರಲ್ಲಿ ಪ್ರವಾಸಿಗರ ತಪ್ಪು ಅರ್ಧ. ಇನ್ನರ್ಧ ತಪ್ಪು, ಗುಡಿಯನ್ನು ಒಂದು ಕಡೆ ಊರನ್ನು ಇನ್ನೊಂದು ಕಡೆ ಮಾಡಿ ಗುಡಿಗಷ್ಟೇ ಟಿಕೆಟ್ಟು ಹರಿಯುವ ನಮ್ಮ ಪದ್ಧತಿಯದ್ದು.

ಬಾತ್‌ನ ಕತೆ ಹೇಳ್ತೀನಿ. ಕಂಪನಿ ಕೆಲಸಕ್ಕೆ ಕೆಲವು ತಿಂಗಳು ಬ್ರಿಸ್ಟಲ್‌ನಲ್ಲಿದ್ದೆ. ಅಲ್ಲಿಂದ ರೈಲಿನಲ್ಲಿ ಕಾಲು ಗಂಟೆ ದೂರ ಬಾತ್. ಒಂದು ಶನಿವಾರ, ಭಾನುವಾರ ಅಲ್ಲೇ ಇದ್ದೆ. ಊರೆಲ್ಲ ಜೇನಿನ ಬಣ್ಣದ ಒಂದೇ ತರಹದ ಕಲ್ಲು. ಬಾದಾಮಿಯ ಕಲ್ಲು ಕೆಂಪು, ಇದು ಹಳದಿ, ಅಷ್ಟೇ ವ್ಯತ್ಯಾಸ ಅಂತ ಮೊದಲ ದಿನವೇ ಅನ್ನಿಸಿತ್ತು. ರೋಮನ್ನರು ಕಟ್ಟಿದ ಸ್ನಾನದ ಕೊಳ ಇವತ್ತಿಗೂ ಇದೆ, ನೆಲದೊಳಗಿಂದ 46 ಡಿಗ್ರಿಯ ಬಿಸಿನೀರು ಉಕ್ಕುತ್ತದೆ. ಆದರೆ ಆ ಕೊಳದಲ್ಲಿ ಕೈ ಅದ್ದುವ ಹಾಗಿಲ್ಲ. ಅದರ ಪಕ್ಕದಲ್ಲೇ ಪಂಪ್ ರೂಮ್ ಅಂತ ಒಂದು ದೊಡ್ಡ ಹಾಲು, ಅಲ್ಲಿ ಅದೇ ಬುಗ್ಗೆಯ ನೀರನ್ನು ಲೋಟದಲ್ಲಿ ಕೊಡ್ತಾರೆ, ಕುಡಿಯಬಹುದು. ರುಚಿ ಕೇಳಬೇಡಿ. ಬೋರಿನ ಉಪ್ಪುನೀರಿಗೆ ಕಬ್ಬಿಣದ ಮೊಳೆ ಹಾಕಿ ಬೆಚ್ಚಗೆ ಮಾಡಿದ ಹಾಗೆ. ಆದರೂ ಜನ ಸಾಲು ನಿಂತು ಕುಡಿಯುತ್ತಾರೆ. ನಾನೂ ಕುಡಿದೆ. 

ಆ ಕೊಳದ ತಳದಲ್ಲಿ ಸೀಸದ ಹಾಳೆಗಳು ಸಿಕ್ಕಿವೆ, ಸುಮಾರು 130. ಸ್ನಾನಕ್ಕೆ ಇಳಿದಾಗ ಅಂಗಿ ಕದ್ದವನಿಗೆ, ದುಡ್ಡು ಕದ್ದವನಿಗೆ ಶಾಪ ಹಾಕು ತಾಯಿ ಅಂತ ಸುಲಿಸ್ ಮಿನರ್ವಾ ದೇವಿಗೆ ಜನ ಬರೆದು ಎಸೆದ ಚೀಟಿಗಳು ಅವು. ಓದುತ್ತ ನಿಂತವನಿಗೆ ನಮ್ಮ ಶಾಸನಗಳ ಕೊನೆಯ ಸಾಲು ನೆನಪಾಗಿ ನಗು ಬಂತು. ದಾನ ಕೊಟ್ಟದ್ದನ್ನು ಕಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಬರಲಿ ಅಂತ ಕೆತ್ತಿಸುತ್ತಿದ್ದರಲ್ಲ ನಮ್ಮವರು. ಅಲ್ಲಿ ಅಂಗಿಗೆ ಶಾಪ, ಇಲ್ಲಿ ಹೊಲಕ್ಕೆ.

ಇರಲಿ. ಅಲ್ಲಿ ನನ್ನ ಗಮನ ಸೆಳೆದದ್ದು ಕೊಳಕ್ಕಿಂತ ಹೆಚ್ಚಾಗಿ ಒಂದು ಬನ್ನು. ಸ್ಯಾಲಿ ಲನ್ ಅಂತ ಅದರ ಹೆಸರು. ತಲೆಯಷ್ಟು ದೊಡ್ಡದು, ಹತ್ತಿಯಷ್ಟು ಮೆತ್ತಗೆ. 1680ರಲ್ಲಿ ಫ್ರಾನ್ಸಿನಿಂದ ಓಡಿಬಂದ ಒಬ್ಬ ಹುಡುಗಿ ಮಾಡಿದ್ದು ಅಂತ ಕತೆ. ಕತೆಗೆ ಪುರಾವೆ ಅಷ್ಟಕ್ಕಷ್ಟೇ, ಆದರೆ ಊರಿನವರು ಅದನ್ನು ಬಿಟ್ಟಿಲ್ಲ. ಊರಿನ ತೀರಾ ಹಳೆಯ ಮನೆಗಳಲ್ಲೊಂದರಲ್ಲಿ ಆ ಬನ್ನಿನ ಅಂಗಡಿ ಇದೆ. ಅಡಿಯಲ್ಲಿ ಹಳೇ ಅಡಿಗೆಮನೆಯೇ ಒಂದು ಸಣ್ಣ ಮ್ಯೂಸಿಯಂ. ಬಾಗಿಲಲ್ಲಿ ಕ್ಯೂ. ಊರು ನೋಡಲು ಬಂದವರು ಬನ್ನು ತಿನ್ನದೆ ಹೋಗುವುದಿಲ್ಲ. ಅರ್ಧ ಬನ್ನಿಗೆ ಬೆಣ್ಣೆ ಸವರಿ ಕೊಟ್ಟು ಅವರು ಇಸಿದುಕೊಂಡ ದುಡ್ಡನ್ನು ರೂಪಾಯಿಗೆ ಗುಣಿಸಿ ನೋಡುವ ಧೈರ್ಯ ನಾನು ಮಾಡಲಿಲ್ಲ :-)

ಪುರಾವೆ ಇಲ್ಲದ ಕತೆ ಇಟ್ಟುಕೊಂಡು ಅವರು ಒಂದು ಬನ್ನನ್ನು ಮುನ್ನೂರು ವರ್ಷ ಸಾಕಿದ್ದಾರೆ. ನಮ್ಮಲ್ಲಿ? ನಮ್ಮಲ್ಲಿ ಊಟದ ಪುರಾವೆ ಕಲ್ಲಿನ ಮೇಲೇ ಇದೆ!

ಬಾದಾಮಿಯ ಮೂರನೇ ಗುಹೆ ಮಂಗಲೇಶ ಮಾಡಿಸಿದ್ದು. ಶಕ 500, ಅಂದರೆ ಕ್ರಿ.ಶ. 578ರ ಸಂಸ್ಕೃತ ಶಾಸನ ಅಲ್ಲಿದೆ. ವಿಷ್ಣುವಿನ ಆ ಗುಹೆ ಎಷ್ಟು ಚೆಂದ ಇದೆ ಅಂತ ಆ ಶಾಸನದಲ್ಲೇ ಹೊಗಳಿಕೊಂಡಿದ್ದಾರೆ, ಅದು ಬಿಡಿ. ದೇವರಿಗೆ ಒಂದು ಹಳ್ಳಿಯನ್ನು ಬಿಟ್ಟುಕೊಟ್ಟು, ಅದರ ಆದಾಯದಲ್ಲಿ ನಾರಾಯಣ ಬಲಿ ನಡೆಯಬೇಕು, ದಿನಾ ಹದಿನಾರು ಜನ ಬ್ರಾಹ್ಮಣರಿಗೆ ಛತ್ರದಲ್ಲಿ ಊಟ ಆಗಬೇಕು, ಉಳಿದದ್ದು ಊರೂರು ಅಲೆಯುವ ಪರಿವ್ರಾಜಕರ ಊಟಕ್ಕೆ ಅಂತ ಅದರಲ್ಲಿ ಬರೆಸಿದ್ದಾನೆ. ಅದೇ ಗುಹೆಯಲ್ಲಿ ಮಂಗಲೇಶನದೇ ಇನ್ನೊಂದು ಸಣ್ಣ ಕನ್ನಡ ಶಾಸನ ಇದೆ. ನಮ್ಮ ಭಾಷೆಯ ತೀರಾ ಹಳೆಯ ಬರಹಗಳಲ್ಲಿ ಒಂದು. ಆ ಗುಹೆಯನ್ನು ಅದು 'ಕಲ್ಮನೆ' ಅಂತ ಕರೆಯುತ್ತದೆ. ಕಲ್ಲಿನ ಮನೆ. ಎಷ್ಟು ಸರಳ ನೋಡಿ. ಹೂಮಾಲೆ ಕಟ್ಟುವವರ ಹೆಸರೂ ಅದರಲ್ಲಿ ಬರುತ್ತದೆ.

ಅಂದರೆ ಆ ಗುಹೆ ಕಡಿದ ದಿನದಿಂದಲೇ ಅಲ್ಲಿ ಊಟ ಇತ್ತು. ದಾರಿಹೋಕರಿಗೆ ಪಾಲು ಇತ್ತು. ಹೂ ಕಟ್ಟುವವರಿಗೆ ಕೆಲಸ ಇತ್ತು. ಈಗ ಗುಹೆಯ ಮೆಟ್ಟಿಲ ಮೇಲೆ ಪಾಲು ಸಿಗುವುದು ಮಂಗಗಳಿಗೆ ಮಾತ್ರ, ಅದೂ ಅವು ಕಿತ್ತುಕೊಂಡರೆ. (ಕೈಯಲ್ಲಿ ಬಾಳೆಹಣ್ಣು, ಚಿಪ್ಸು ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಬೇಡಿ. ಎಚ್ಚರಿಕೆ ಕೊಟ್ಟಿದ್ದೇನೆ, ಆಮೇಲೆ ನನ್ನ ಬೈಬೇಡಿ.)

ಹಾಗಾದರೆ ಊಟ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಐದು ಕಿಲೋಮೀಟರಿನಷ್ಟು ಆಚೆ ಬನಶಂಕರಿಯಲ್ಲಿ ಕೂತಿದೆ. ಹೊಂಡದ ಸುತ್ತ, ಗುಡಿಯ ಮುಂದೆ, ಅಕ್ಕಪಕ್ಕದ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಬುಟ್ಟಿಯಲ್ಲಿ ಬಿಳಿ ಬಟ್ಟೆ ಮುಚ್ಚಿದ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ. ಪಕ್ಕದಲ್ಲಿ ಸಣ್ಣ ಗಡಿಗೆಯಲ್ಲಿ ಹೆಪ್ಪು ಹಾಕಿದ ಕೆನೆಮೊಸರು, ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಹೆಸರುಕಾಳಿನ ಪಲ್ಯ, ಬದನೆಕಾಯಿ, ಶೇಂಗಾ ಚಟ್ನಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ. ಒಂದು ರೊಟ್ಟಿಯ ಮೇಲೇ ಎಲ್ಲ ಬಡಿಸಿ ಕೈಗೆ ಕೊಡುತ್ತಾರೆ. ತಟ್ಟೆಯೂ ರೊಟ್ಟಿಯೇ.

ಹೋದ ಸಲ ಹೋದಾಗ ಒಬ್ಬ ಅಜ್ಜಿ ಕರೆದಳು. "ಬಾ ಯಪ್ಪಾ, ಎರಡ್ ರೊಟ್ಟಿ ಉಂಡು ಹೋಗು. ಮೊಸರು ಗಟ್ಟಿ ಐತಿ ನೋಡು."

ಕೂತೆ. "ಎಷ್ಟ್ ಗಂಟೇಕ್ಕ ಎದ್ದು ರೊಟ್ಟಿ ಬಡೀತೀರಿ ಯವ್ವಾ?"

"ನಾಕಕ್ಕ ಏಳಬೇಕೋ ಯಪ್ಪಾ. ಬಡಿಯೋದು, ಬೇಯಿಸೋದು, ಬುಟ್ಟಿ ತುಂಬೋದು. ಮೊದಲ ಗಾಡಿ ಸಿಗಲಿಲ್ಲಂದ್ರ ಹೊತ್ತುಕೊಂಡು ನಡಿಯೋದು. ಮಧ್ಯಾಹ್ನಕ್ಕ ಖಾಲಿ ಆದ್ರ ಪುಣ್ಯೇವು, ಇಲ್ಲಂದ್ರ ಮನಿಗೆ ಒಯ್ದು ದನಕ್ಕ ಹಾಕೋದು."

"ಬೆಂಗಳೂರು ಕಡೆ ಮಂದಿ ಬರ್ತಾರಲ್ಲ, ಅವರು ಉಣ್ಣಂಗಿಲ್ಲೇನು?"

"ಫೋಟೋ ತಗೋತಾರ," ಅಂದಳು ಅಜ್ಜಿ. "ಉಣ್ಣೋರು ಕಡಿಮಿ. ಧೂಳ ಐತಿ ಅಂತಾರ."

ಧೂಳು ಇರುವುದು ನಿಜ. ಅಜ್ಜಿಯ ತಲೆಯ ಮೇಲೆ ನೆರಳಿರಲಿಲ್ಲ, ಹರಕು ಕೊಡೆ ಒಂದು. ಕೈ ತೊಳೆಯಲು ಹತ್ತಿರದಲ್ಲಿ ಒಂದು ನಲ್ಲಿ ಇರಲಿಲ್ಲ, ಕೊಡದಲ್ಲಿ ನೀರು ತಂದಿಟ್ಟುಕೊಂಡಿದ್ದಳು. ಕೋಟಿಗಟ್ಟಲೆ ಖರ್ಚು ಮಾಡಿ ಧ್ವನಿ-ಬೆಳಕು, ಥೀಮ್ ಪಾರ್ಕು ಅಂತ ಕನಸು ಕಾಣುವ ಬದಲು ಒಂದು ಉದ್ದನೆಯ ತಗಡಿನ ಚಪ್ಪರ, ನಾಲ್ಕು ನಲ್ಲಿ, ಕೂರಲು ಒಂದು ಕಟ್ಟೆ, ಬೆಲೆ ಬರೆದ ಒಂದು ಹಲಗೆ ಮಾಡಿಕೊಟ್ಟರೆ ಸಾಕಲ್ಲ? ಅದಕ್ಕೆ ಎಷ್ಟು ಖರ್ಚಾದೀತು? ರೊಟ್ಟಿಯ ಊಟ ಧೂಳಿನದು ಅಂತ ಹೆದರುವವರ ಹೆದರಿಕೆ ಅರ್ಧ ಅಲ್ಲೇ ಹೋಗುತ್ತದೆ. 

ಇಲ್ಲಿ ಒಬ್ಬರು ಸ್ನೇಹಿತರು ನನ್ನ ಹತ್ತಿರ ವಾದ ಮಾಡಿದ್ದುಂಟು. "ಹಾಗೆ ಚಪ್ಪರ ಹಾಕಿ, ಬೋರ್ಡು ಬರೆದರೆ ಅದೂ ಬಾತ್‌ನ ಬನ್ನಿನ ಹಾಗೆ ವ್ಯಾಪಾರ ಆಗುತ್ತೆ ಕಣಯ್ಯ. ನಾಳೆ ಆ ಅಜ್ಜಿ ಇರಲ್ಲ, ಗುತ್ತಿಗೆದಾರ ಇರ್ತಾನೆ" ಅಂತ. ಮಾತಿನಲ್ಲಿ ಹುರುಳಿದೆ. ಬಾತ್‌ನಲ್ಲೂ ಅದೇ ಆಗಿದೆ, ಅಲ್ಲಿ ಮನೆ ಕೊಳ್ಳುವುದು ಸಾಮಾನ್ಯ ಸಂಬಳದವರ ಕೈಗೆ ಎಟುಕುವ ಮಾತಲ್ಲ. ಆದರೆ ವ್ಯಾಪಾರ ಅನ್ನುವ ಮಾತಿಗೆ ನಾನು ಅಷ್ಟು ಹೆದರುವುದಿಲ್ಲ. ಅಜ್ಜಿ ನಾಲ್ಕಕ್ಕೆ ಏಳುವುದು ಸಂಸ್ಕೃತಿ ಉಳಿಸೋದಕ್ಕಲ್ಲ, ವ್ಯಾಪಾರಕ್ಕೇ. ಆ ವ್ಯಾಪಾರ ಅವಳಿಗೆ ಗಿಟ್ಟಬೇಕು ಅನ್ನುವುದಷ್ಟೇ ನನ್ನ ಮಾತು. ಗುತ್ತಿಗೆದಾರ ಬರದ ಹಾಗೆ, ಬುಟ್ಟಿಗೊಂದು ಜಾಗ ಅಂತ ಆ ಹಳ್ಳಿಯ ಹೆಣ್ಣುಮಕ್ಕಳ ಹೆಸರಿಗೇ ಬರೆದುಕೊಟ್ಟರಾಯಿತು. ಮಂಗಲೇಶನಿಗೆ 1400 ವರ್ಷದ ಹಿಂದೆ ಹೂಮಾಲೆಯವರನ್ನು ಶಾಸನದಲ್ಲಿ ಸೇರಿಸಲು ಸಾಧ್ಯವಾಗಿತ್ತು. ನಮ್ಮ ಕಾಲದವರಿಗೆ ಯಾಕಾಗಬಾರದು?

ಈಗ ಐಹೊಳೆಗೆ ಬನ್ನಿ. ಊರೊಳಗೆ ಗುಡಿ, ಗುಡಿಯೊಳಗೆ ಊರು ಅನ್ನುವ ಹಾಗಿರುವ ಜಾಗ ಅದು. ನೂರಕ್ಕೂ ಹೆಚ್ಚು ಗುಡಿಗಳು. ಅವುಗಳ ಹೆಸರು ಒಮ್ಮೆ ಕೇಳಿ ನೋಡಿ: ಲಾಡಖಾನ್ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ. ಇವು ದೇವರ ಹೆಸರುಗಳಲ್ಲ, ಅಲ್ಲಿ ಬಾಳಿದ ಮನುಷ್ಯರ, ಮನೆತನಗಳ ಹೆಸರುಗಳು. ಲಾಡಖಾನ್ ಅನ್ನುವವರು ಆ ಗುಡಿಯನ್ನೇ ಮನೆ ಮಾಡಿಕೊಂಡು ಇದ್ದದ್ದಕ್ಕೆ ಆ ಹೆಸರು ಬಂದದ್ದು. 'ದುರ್ಗ ಗುಡಿ' ಕೂಡ ದುರ್ಗಾದೇವಿಯದ್ದಲ್ಲ, ಕೋಟೆಗೆ ಅಂಟಿಕೊಂಡಿದ್ದ ಗುಡಿ ಅಂತ ದುರ್ಗದ ಗುಡಿ. ಸಂಶೋಧಕರು ಬರುವ ಮೊದಲು ನೂರಾರು ವರ್ಷ ಆ ಕಲ್ಲುಗಳಿಗೆ ನೆರಳಾಗಿ, ಜೊತೆಯಾಗಿ ಇದ್ದವರು ಆ ಜನ. 

ಈಗ ಅವರಿಗೆ ನಾವು ಹೇಳುತ್ತಿರುವುದು ಏನು? ಎದ್ದು ಹೋಗಿ ಅಂತ. ಐಹೊಳೆಯ ಮನೆಗಳನ್ನು ಎತ್ತಂಗಡಿ ಮಾಡುವ ಮಾತು ದಶಕಗಳಿಂದ ನಡೆದಿದೆ. ಅತ್ತ ಹೋಗಲೂ ಇಲ್ಲ, ಇತ್ತ ಇರಲೂ ಇಲ್ಲ ಅನ್ನುವ ಸ್ಥಿತಿ. 2010ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ಹೆಜ್ಜೆಗೊಂದು ಗುಡಿ ಇರುವ ಊರಿನಲ್ಲಿ 100 ಮೀಟರಿನ ಹೊರಗೆ ಇರುವ ಮನೆ ಯಾವುದು ಹೇಳಿ? ಮಗನ ಮದುವೆಗೆ ಒಂದು ಕೋಣೆ ಇಳಿಸಬೇಕೆಂದರೆ, ಒಂದು ಪಾಯಿಖಾನೆ ಕಟ್ಟಬೇಕೆಂದರೆ ಅವರು ಯಾರ ಬಾಗಿಲು ತಟ್ಟಬೇಕು? ಪ್ರವಾಸಿಗರಿಗೆ ಒಂದು ಕೋಣೆ ಬಾಡಿಗೆ ಕೊಡುವುದಂತೂ ದೂರದ ಮಾತು. ಹಾಗಾಗಿಯೇ ಐಹೊಳೆಯಲ್ಲಿ ರಾತ್ರಿ ಉಳಿಯುವವರು ಅಷ್ಟು ಕಡಿಮೆ.

ಬಾತ್‌ನಲ್ಲಿಯೂ ಕಾನೂನು ಬಿಗಿಯೇ. ಸುಮಾರು 5,000 ಕಟ್ಟಡಗಳು ಸಂರಕ್ಷಿತ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿರುವ ಮನೆಯ ಕಿಟಕಿಯ ರೂಪ ಬದಲಿಸಬೇಕೆಂದರೂ ಒಪ್ಪಿಗೆ ಬೇಕು. ಆದರೆ ಆ ಮನೆಗಳಲ್ಲಿ ಜನ ಇದ್ದಾರೆ! ರಾಯಲ್ ಕ್ರೆಸೆಂಟ್ ಅಂತ 1767ರಿಂದ 1774ರ ನಡುವೆ ಕಟ್ಟಿದ ಅರ್ಧಚಂದ್ರದ ಆಕಾರದ ಮನೆಗಳ ಸಾಲು ಇದೆ, ಪ್ರಪಂಚದ ಪ್ರವಾಸಿಗರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಯುತ್ತಾರೆ, ಒಳಗೆ ಯಾರೋ ಚಹಾ ಕುಡಿಯುತ್ತ ಕೂತಿರುತ್ತಾರೆ. ಪುಲ್ಟ್‌ನಿ ಸೇತುವೆಯ ಎರಡೂ ಬದಿಗೆ ಅಂಗಡಿಗಳಿವೆ. ಅಂಗಡಿ ತೆಗೆದು ಸೇತುವೆ ಉಳಿಸೋಣ ಅಂತ ಯಾರೂ ಹೇಳುವುದಿಲ್ಲ, ಯಾಕೆಂದರೆ ಅಂಗಡಿ ಇಲ್ಲದಿದ್ದರೆ ಅದು ಬರೀ ಒಂದು ಸೇತುವೆ.

ಸಮ ಅಲ್ಲ, ಒಪ್ಪಿದೆ. ಅಲ್ಲಿನ ಮನೆಗಳೇ ಸ್ಮಾರಕ, ಇಲ್ಲಿ ಗುಡಿ ಸ್ಮಾರಕ, ಮನೆ ಅದಕ್ಕೆ ಆತುಕೊಂಡದ್ದು. ಗುಡಿಯ ಗೋಡೆಗೇ ಕುಳ್ಳು ಬಡಿದದ್ದನ್ನು, ಕಂಬಕ್ಕೆ ಎಮ್ಮೆ ಕಟ್ಟಿದ್ದನ್ನು ನಾನೂ ಚಿಕ್ಕವನಿದ್ದಾಗ ಈ ಕಡೆಯ ಹಲವು ಊರುಗಳಲ್ಲಿ ನೋಡಿದ್ದೇನೆ. ಅದು ಹಾಗೇ ಇರಲಿ ಅಂತ ನಾನು ಹೇಳುವುದಿಲ್ಲ. ತೀರಾ ಗುಡಿಗೆ ಅಂಟಿಕೊಂಡ ನಾಲ್ಕಾರು ಮನೆಗಳಿಗೆ ಊರಿನ ಪಕ್ಕದಲ್ಲೇ ಒಳ್ಳೆಯ ಜಾಗ, ಒಳ್ಳೆಯ ದುಡ್ಡು ಕೊಟ್ಟು ಕಳಿಸಲಿ. ಉಳಿದವರಿಗೆ ಕಲ್ಲಿನ ಗೋಡೆ, ಮಾಳಿಗೆ ಮನೆಯ ಹಳೆಯ ರೂಪದಲ್ಲೇ ರಿಪೇರಿ ಮಾಡಿಕೊಳ್ಳಲು, ಒಂದೆರಡು ಕೋಣೆ ಪ್ರವಾಸಿಗರಿಗೆ ಕೊಡಲು ಅನುಕೂಲ ಮಾಡಲಿ. ಬೆಳಿಗ್ಗೆ ಐದಕ್ಕೆ ಐಹೊಳೆಯ ಮಾಳಿಗೆಯ ಮೇಲೆ ಎದ್ದು, ಮೇಗುತಿ ಗುಡ್ಡ ಹತ್ತಿ, 634ರಲ್ಲಿ ರವಿಕೀರ್ತಿ ಬರೆಸಿದ ಶಾಸನದ ಮುಂದೆ ನಿಂತು (ಕಾಳಿದಾಸ, ಭಾರವಿಯರ ಹೆಸರು ಅದರಲ್ಲಿದೆ), ಕೆಳಗಿಳಿದು ಬಂದು ಬಿಸಿ ರೊಟ್ಟಿ ಉಣ್ಣುವ ಹಾಗಿದ್ದರೆ ಯಾರು ತಾನೇ ಸಂಜೆ ನಾಲ್ಕಕ್ಕೆ ಹೊಸಪೇಟೆಗೆ ಓಡುತ್ತಾರೆ?

ಊರನ್ನು ಕಿತ್ತು ಹುಲ್ಲುಹಾಸು ಮಾಡಿದರೆ ಏನಾಗುತ್ತದೆ ಅಂತ ತಿಳಿಯಬೇಕಾದರೆ ಪಟ್ಟದಕಲ್ಲಿಗೆ ಹೋಗಿ. ಗುಡಿಗಳು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಮುಂದೆ ನಾನು ಎಷ್ಟು ಸಲ ನಿಂತರೂ ಸಾಕಾಗುವುದಿಲ್ಲ. (ಗೆದ್ದ ವಿಕ್ರಮಾದಿತ್ಯ ಕಂಚಿಯನ್ನು ಲೂಟಿ ಮಾಡಲಿಲ್ಲ, ಅಲ್ಲಿನ ಗುಡಿಯ ಸಂಪತ್ತನ್ನು ಅದಕ್ಕೇ ಬಿಟ್ಟುಕೊಟ್ಟ ಅಂತ ಕಂಚಿಯ ಕೈಲಾಸನಾಥ ಗುಡಿಯಲ್ಲಿ ಕನ್ನಡದಲ್ಲೇ ಶಾಸನ ಹಾಕಿಸಿದ. ಎಂಥಾ ಮನುಷ್ಯ!) ಆದರೆ ಹುಲ್ಲುಹಾಸು, ಬೇಲಿ, ಗೇಟು, ಟಿಕೆಟ್ಟು, ಹೊರಗೆ ಎಳನೀರು, ಮತ್ತೆ ಕಾರು. ಪಕ್ಕದಲ್ಲೇ ಊರಿದೆ, ಅದರೊಳಗೆ ಯಾರೂ ಕಾಲಿಡುವುದಿಲ್ಲ.

ಈ ಗುಡಿಗಳ ಪಕ್ಕ ಹರಿಯುವ ಮಲಪ್ರಭೆ ನಮ್ಮ ಕೊಣ್ಣೂರು ದಾಟಿಯೇ ಅಲ್ಲಿಗೆ ಹೋಗುವುದು. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಾಗ ನಮ್ಮೂರಿನೊಳಗೆ ನೀರು ಬಂತು, ಹೆದ್ದಾರಿ ಬಂದಾಯಿತು. ಅದೇ ನೀರು ಮುಂದೆ ಹೋಗಿ ಪಟ್ಟದಕಲ್ಲಿನ ಗುಡಿಗಳ ಒಳಗೆ ಹೊಕ್ಕಿತು. ಆ ವಾರ ಬೆಂಗಳೂರಿನಲ್ಲಿ ನನ್ನನ್ನು ಮಾತಾಡಿಸಿದವರೆಲ್ಲ ಕೇಳಿದ್ದು, "ಪಟ್ಟದಕಲ್ಲಿಗೆ ಏನೂ ಆಗಿಲ್ಲ ತಾನೇ?" ಅಂತ. ಗುಡಿ 1200 ವರ್ಷದಿಂದ ಇಂಥ ನೀರು ಎಷ್ಟು ನೋಡಿದೆಯೋ, ನೀರು ಇಳಿದ ಮೇಲೆ ಹಾಗೇ ನಿಂತಿತ್ತು. ಮಣ್ಣಿನ ಗೋಡೆಯ ಮನೆಗಳು ನಿಲ್ಲಲಿಲ್ಲ. ಕಾಳಿನ ಚೀಲಗಳು ನೆನೆದು ಮೊಳಕೆ ಬಂದವು. ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನೋಡಿದ್ದೇ ಗುಡಿ, ಅದಕ್ಕೇ ಗುಡಿಯ ಬಗ್ಗೆ ಕೇಳಿದರು. ಒಂದು ರಾತ್ರಿ ಯಾರದೋ ಪಡಸಾಲೆಯಲ್ಲಿ ಮಲಗಿ ಎದ್ದಿದ್ದರೆ ಆ ಮನೆಯ ಬಗ್ಗೆಯೂ ಕೇಳುತ್ತಿದ್ದರು.

ನಮ್ಮೂರಲ್ಲೇನು ನೋಡೋದಿದೆ ಅಂತ ಕೇಳಬೇಡಿ, ಇದೆ. ಪರಮೇಶ್ವರ ಗುಡಿಯಲ್ಲಿ ಒಂದು ಶಾಸನದ ಕಲ್ಲಿದೆ. ರಾಷ್ಟ್ರಕೂಟರ ಅಮೋಘವರ್ಷ ಶಕ 782ರಲ್ಲಿ, ಅಂದರೆ ಕ್ರಿ.ಶ. 860ರಲ್ಲಿ, ಚಂದ್ರಗ್ರಹಣದ ದಿನ ಕೊಟ್ಟ ದತ್ತಿಯ ವಿಷಯ. ಅವನ ನೆಚ್ಚಿನ ಸೇನಾನಿ ಬಂಕೇಯ (ಬಂಕಾಪುರಕ್ಕೆ ಹೆಸರು ಬಂದದ್ದು ಇವನಿಂದಲೇ) ಕೊಳನೂರಿನಲ್ಲಿ ಕಟ್ಟಿಸಿದ ಜಿನಾಲಯಕ್ಕೆ ತಲೆಯೂರು ಎಂಬ ಹಳ್ಳಿಯನ್ನು ಬಿಟ್ಟುಕೊಟ್ಟದ್ದು. ಕೊಳನೂರು ಅಂದರೆ ಇದೇ ಕೊಣ್ಣೂರು. ಈಗಿರುವ ಕಲ್ಲು ಮೂಲದ್ದಲ್ಲ, ಕೆಲವು ನೂರು ವರ್ಷದ ನಂತರ ಕಡಿಸಿದ ಪ್ರತಿ. ಅದಕ್ಕೇ ಕೀಲ್‌ಹಾರ್ನ್ ಎಂಬ ಜರ್ಮನ್ ಪಂಡಿತರು ಅದನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಅಚ್ಚು ಹಾಕಿಸುವಾಗ ಸಂಶಯದ ಶಾಸನ ಅಂತಲೇ ತಲೆಬರಹ ಕೊಟ್ಟರು. ಕನ್ನಡದ ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ರಾಜ ನಮ್ಮೂರಿನ ಹೆಸರು ಎತ್ತಿದ್ದಾನೆ. ಹೆದ್ದಾರಿಯಲ್ಲಿ ದಿನಕ್ಕೆ ಸಾವಿರಾರು ಗಾಡಿಗಳು ಹಾದು ಹೋಗುತ್ತವೆ, ನಿಲ್ಲುವುದು ಚಹಾಕ್ಕೆ. ನಿಲ್ಲಲಿ. ಚಹಾದ ಜೊತೆ ಮಿರ್ಚಿಯೂ ತಿನ್ನಲಿ. 

ನರಗುಂದದ ಗುಡ್ಡವೂ ಅಷ್ಟೇ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬ ಭಾವೆಯ ಕೋಟೆ ಅದರ ಮೇಲಿತ್ತು. ಅವನನ್ನು ಅದೇ ವರ್ಷ ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ಬಸ್ಸಿನ ಕಿಟಕಿಯಿಂದ ನೋಡಿದವರು "ಆಹಾ ಗುಡ್ಡ ಚೆನ್ನಾಗಿದೆ" ಅಂತ ಹೇಳಿ ಮುಂದೆ ಹೋಗುತ್ತಾರೆ. ಅತ್ತ ಗಜೇಂದ್ರಗಡದ ಕಾಲಕಾಲೇಶ್ವರ, ಸೂಡಿಯ ಜೋಡುಕಳಸದ ಗುಡಿ, ಅಲ್ಲಿನ ನಾಗಕುಂಡ, ಗದಗದ ಪಕ್ಕ 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಲಕ್ಕುಂಡಿಯ ಬಸದಿ... ಇವೆಲ್ಲ ಸೇರಿಸಿ ಪಟ್ಟಿ ಮಾಡಿದರೆ ಮತ್ತೆ 'ಒಂದು ದಿನದಲ್ಲಿ ಆಗುತ್ತಾ' ಅಂತ ಕೇಳ್ತೀರಿ, ಬೇಡ.

ಬೇಕಾದರೆ ನನ್ನ ಕಾರ್ಯಕ್ರಮ ಕೇಳಿ. ಶುಕ್ರವಾರ ರಾತ್ರಿ ಹೊರಟು ಶನಿವಾರ ಬಾದಾಮಿ ಮುಟ್ಟಿ. ಬೆಳಿಗ್ಗೆ ಗುಹೆಗಳು, ಮಂಗಲೇಶನ ಶಾಸನ ಮರೀಬೇಡಿ. ಮಧ್ಯಾಹ್ನ ಬನಶಂಕರಿಯಲ್ಲಿ ಅಜ್ಜಿಯ ಹತ್ತಿರ ರೊಟ್ಟಿ. ಬಿಸಿಲು ಇಳಿದ ಮೇಲೆ ಅಗಸ್ತ್ಯ ತೀರ್ಥದ ದಂಡೆ ಹಿಡಿದು ಊರಿನ ಓಣಿಗಳಲ್ಲೇ ನಡೆದು ಭೂತನಾಥ ಗುಡಿಗೆ ಹೋಗಿ. ಓಣಿಯಲ್ಲಿ ಹೆಂಗಸರು ಕಟ್ಟೆ ಮೇಲೆ ಕೂತು ಮಾತಾಡ್ತಿರ್ತಾರೆ, ಹೊಂಡದಲ್ಲಿ ಬಟ್ಟೆ ಒಗೆಯುವ ಸಪ್ಪಳ ಬಂಡೆಗೆ ಬಡಿದು ವಾಪಸು ಬರುತ್ತದೆ. ಅಲ್ಲಿಂದ ಇನ್ನೂ ಸ್ವಲ್ಪ ಆಚೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ, ಕನ್ನಡದ ತ್ರಿಪದಿಯ ಅತ್ಯಂತ ಹಳೆಯ ಮಾದರಿ. ಹತ್ತೇ ಸಾಲು. ಬೇಲಿಯೂ ಇಲ್ಲದ ಕಾಲದಲ್ಲಿ ಹುಡುಗರು ಅದರ ಮುಂದೆ ಕೂತು ಶೇಂಗಾ ತಿಂದದ್ದುಂಟು. ರಾತ್ರಿ ಊಟಕ್ಕೆ ಊರಿನ ಒಂದು ಖಾನಾವಳಿ ಹುಡುಕಿ. ಮೆನು ಕಾರ್ಡು ಇರುವ ಕಡೆ ಹೋಗಬೇಡಿ. "ರೊಟ್ಟಿ ಊಟ ಐತೇನ್ರೀ?" ಅಂತ ಕೇಳಿ. ಎಣ್ಣೆಗಾಯಿ, ಝುಣಕ, ಕಾಳಪಲ್ಯ, ಗುರೆಳ್ಳು ಚಟ್ನಿ, ಕೊನೆಗೆ ಅನ್ನ ಸಾರು, ಮಜ್ಜಿಗೆ. ಸಾಕು ಅಂದರೂ ಇನ್ನೊಂದು ರೊಟ್ಟಿ ಬೀಳುತ್ತದೆ, ಸುಮ್ಮನೆ ಉಣ್ಣಿ. ರಾತ್ರಿ ಅಲ್ಲೇ ಮಲಗಿ. ಭಾನುವಾರ ಮಹಾಕೂಟದ ಹೊಂಡದಲ್ಲಿ ಮುಳುಗಿ (ಇಲ್ಲಿ ಕೈ ಅದ್ದುವುದೇನು, ಈಜಲೂಬಹುದು, ಬಾತ್‌ನವರಿಗೆ ಈ ಭಾಗ್ಯ ಇಲ್ಲ), ಪಟ್ಟದಕಲ್ಲು, ಐಹೊಳೆ ನಿಧಾನಕ್ಕೆ. ಸೋಮವಾರ ಒಂದು ರಜೆ ಹಾಕಿ. ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು ಕಟ್ಟಿಸಿಕೊಂಡು ವಾಪಸು. ಹಂಪಿ ಇನ್ನೊಂದು ಸಲಕ್ಕಿರಲಿ, ಅದೇನು ಓಡಿ ಹೋಗಲ್ಲ.

ಹೋಗುವ ಕಾಲದ ಬಗ್ಗೆ ಒಂದು ಮಾತು. ಬನದ ಹುಣ್ಣಿಮೆಗೆ, ಅಂದರೆ ಜನವರಿಯ ಸುಮಾರಿಗೆ, ಬನಶಂಕರಿ ಜಾತ್ರೆ. ನಾಟಕ ಕಂಪನಿಗಳು ಟೆಂಟು ಹಾಕಿ ರಾತ್ರಿಯಿಡೀ ಆಟ ಆಡುತ್ತವೆ. ಜನಜಂಗುಳಿ ಆಗದವರು ಜಾತ್ರೆ ಇಳಿದ ಮೇಲೆ ಹೋಗಿ. ಆಗ ನಮ್ಮ ಎರಿ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಹಾಲುದುಂಬಿ ನಿಂತಿರುತ್ತದೆ. ಯಾರಾದರೂ ಪರಿಚಯದವರು ಇದ್ದರೆ ಹೊಲದಲ್ಲೇ ಕುಳ್ಳಿನ ಬೆಂಕಿಯಲ್ಲಿ ಸೀತನಿ ಸುಟ್ಟು, ತಿಕ್ಕಿ, ಬೆಲ್ಲ ಶೇಂಗಾ ಚಟ್ನಿ ಜೊತೆ ಕೊಡುತ್ತಾರೆ. ಪರಿಚಯ ಇಲ್ಲದವರು ಕೊಣ್ಣೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕೇಳಿದರೂ ನಡೆಯುತ್ತದೆ.

ನಿಮ್ಮಲ್ಲಿ ಯಾರಾದರೂ ಈಚೆಗೆ ಆ ಕಡೆ ಹೋಗಿ ಬಂದಿದ್ದರೆ, ಯಾವ ಗುಡಿ ನೋಡಿದಿರಿ ಅನ್ನುವುದಕ್ಕಿಂತ ಎಲ್ಲಿ ಉಂಡಿರಿ, ಎಷ್ಟು ರೊಟ್ಟಿ ಉಂಡಿರಿ ಅಂತ ಬರೆದು ತಿಳಿಸಿ. ನನ್ನ ಲೆಕ್ಕ ಸದ್ಯಕ್ಕೆ ಐದು.